ಕತ್ತಿ ಸಂಗಡಿಗನದು, ಬುದ್ಧಿ ಯಾರದು?

ರೋಲ್ ಪ್ಲೇಯಿಂಗ್ ಗೇಮ್, ಚಿಕ್ಕದಾಗಿ ಆರ್‌ಪಿಜಿ ಎಂದು ಕರೆಯುವ ವಿಡಿಯೊ ಗೇಮ್‌ಗಳಲ್ಲಿ ನಾಯಕ ಒಂಟಿಯಾಗಿ ತಿರುಗುವುದು ಕಡಿಮೆ. ಜೊತೆಗೆ ಒಬ್ಬ ಕತ್ತಿವರಸೆಯವನು, ಒಬ್ಬಳು ಮಂತ್ರಗಾತಿ, ಗಾಯ ಮಾಯಿಸುವ ಒಬ್ಬ ಪೂಜಾರಿ, ಬೀಗ ತೆಗೆಯುವ ಒಬ್ಬ ಕಳ್ಳ ಇರುತ್ತಾರೆ. ಈ ಗುಂಪಿಗೆ ಪಾರ್ಟಿ ಎಂದು ಹೆಸರು. ಕಾಳಗ ಶುರುವಾದಾಗ ಇವರಲ್ಲಿ ಯಾರು ಏನು ಮಾಡಬೇಕೆಂದು ತೀರ್ಮಾನಿಸುವುದು ಎರಡು ಬಗೆಯಲ್ಲಿ ನಡೆಯುತ್ತದೆ. ಆಟಗಾರನೇ ಒಬ್ಬೊಬ್ಬರಿಗೂ ಅಪ್ಪಣೆ ಕೊಡುವುದು ಒಂದು. ಆಟಗಾರ ನಾಯಕನನ್ನು ಮಾತ್ರ ನಡೆಸಿ, ಉಳಿದವರನ್ನು ಕಂಪ್ಯೂಟರಿನ ಪಾಲಿಗೆ ಬಿಡುವುದು ಇನ್ನೊಂದು. ಗೇಮ್ ತಯಾರಕರು ದಶಕಗಳಿಂದ ಈ ಎರಡರ ನಡುವೆ ಓಡಾಡುತ್ತಲೇ ಇದ್ದಾರೆ.

ಈ ಆಟಗಳ ಮೂಲವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದಾಗ ಈ ಪ್ರಶ್ನೆಯೇ ಇರಲಿಲ್ಲ. ಅದು ಮೇಜಿನ ಸುತ್ತ ಕೂತು ಆಡುವ ಆಟ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಕತ್ತಿವರಸೆಯವನು ಪೆದ್ದುತನ ಮಾಡಿದರೆ ಬೈಯಲು ಎದುರಿಗೇ ಒಬ್ಬ ಮನುಷ್ಯ ಕೂತಿರುತ್ತಿದ್ದ. ಆಟ ಕಂಪ್ಯೂಟರಿಗೆ ಬಂದ ಮೇಲೆ ಆ ಕುರ್ಚಿಗಳೆಲ್ಲ ಖಾಲಿಯಾದವು. 1981ರ ‘ವಿಝರ್ಡ್ರಿ’ ಆ ಖಾಲಿ ಕುರ್ಚಿಗಳನ್ನೆಲ್ಲ ಒಬ್ಬ ಆಟಗಾರನಿಗೇ ಕೊಟ್ಟಿತು. ಆರು ಜನರ ಪಾರ್ಟಿ, ಪ್ರತಿ ಸುತ್ತಿಗೂ ಒಬ್ಬೊಬ್ಬರಿಗೆ ಒಂದೊಂದು ಅಪ್ಪಣೆ, ಆಮೇಲೆ ಸುತ್ತಿನ ಫಲ. ಜಪಾನಿನ ‘ಡ್ರ್ಯಾಗನ್ ಕ್ವೆಸ್ಟ್’, ‘ಫೈನಲ್ ಫ್ಯಾಂಟಸಿ’ ಸರಣಿಗಳ ಮೊದಮೊದಲ ಪಾರ್ಟಿಗಳೂ ಇದೇ ದಾರಿ ಹಿಡಿದವು.

ಈ ಕ್ರಮದ ದೊಡ್ಡ ಗುಣ ಎಂದರೆ ಹೊಣೆ ಯಾರದೆಂಬ ಬಗ್ಗೆ ಗೊಂದಲವಿಲ್ಲದಿರುವುದು. ಗೆದ್ದರೂ ಸೋತರೂ ಅದು ಆಟಗಾರನ ಲೆಕ್ಕಕ್ಕೆ. ಬಾಸ್ ಎಂದು ಕರೆಯುವ ದೊಡ್ಡ ಎದುರಾಳಿಗಳಲ್ಲಿ ಕೊನೆಯವನ ಮುಂದೆ ಪೂಜಾರಿ ಗಾಯ ಮಾಯಿಸಬೇಕೋ, ಕವಚದ ಮಂತ್ರ ಹಾಕಬೇಕೋ ಎಂದು ಐದು ನಿಮಿಷ ಯೋಚಿಸುವುದರಲ್ಲಿ ಚದುರಂಗದ ಸುಖವಿದೆ. ಆದರೆ ಆರ್‌ಪಿಜಿಯಲ್ಲಿ ಬಾಸ್‌ಗಳು ವಿರಳ. ದಾರಿಯುದ್ದಕ್ಕೂ ಎದುರಾಗುವುದು ಪುಡಿ ರಾಕ್ಷಸರು. ಯೋಚನೆಯೇ ಬೇಡದ ಇಂಥ ನೂರಾರು ಕಾಳಗಗಳಲ್ಲಿ ‘ಹೊಡೆ, ಹೊಡೆ, ಹೊಡೆ’ ಎಂದು ಒಂದೇ ಗುಂಡಿ ಒತ್ತುವುದು ರಾಗಿ ಬೀಸಿದಂತೆ. ಕಾಳಗ ಸುತ್ತುಗಳಲ್ಲಿ ನಡೆಯದೆ ಕಣ್ಣೆದುರೇ ಓಡತೊಡಗಿದರಂತೂ ಇನ್ನೊಂದು ತೊಡಕು: ಎರಡು ಕೈ, ಒಂದು ಕಂಟ್ರೋಲರ್ ಇಟ್ಟುಕೊಂಡು ಏಕಕಾಲಕ್ಕೆ ಮೂವರನ್ನು ಓಡಿಸಲು ಆಗುವುದಿಲ್ಲ. 1993ರ ‘ಸೀಕ್ರೆಟ್ ಆಫ್ ಮಾನಾ’ದಲ್ಲಿ ಹೀಗೇ ಆಯಿತು. ಆಟಗಾರ ಒಬ್ಬನನ್ನು ನಡೆಸುತ್ತಿದ್ದರೆ ಉಳಿದಿಬ್ಬರನ್ನು ಕಂಪ್ಯೂಟರ್ ನಡೆಸುತ್ತಿತ್ತು. ಅವರು ಎಷ್ಟು ಮುನ್ನುಗ್ಗಬೇಕು, ಎಷ್ಟು ದೂರ ನಿಲ್ಲಬೇಕು ಎಂಬುದನ್ನು ಒಂದು ಚೌಕಪಟ್ಟಿಯಲ್ಲಿ ಗುರುತು ಹಾಕಿ ಹೇಳಬಹುದಿತ್ತು. ಇಷ್ಟು ಹೇಳಿಸಿಕೊಂಡ ಸಂಗಡಿಗರು ಮರದ ಹಿಂದೆಯೋ ಗೋಡೆಯ ಮೂಲೆಯಲ್ಲೋ ಸಿಕ್ಕಿಹಾಕಿಕೊಂಡು, ನಾಯಕನೂ ಮುಂದೆ ಹೋಗದಂತೆ ಮಾಡುತ್ತಿದ್ದುದುಂಟು.

ಹಾಗೆಂದು ಎಲ್ಲ ಕಡೆಯೂ ಕೈ ಸಾಲದ್ದೇ ಕಾರಣವಲ್ಲ. ಸುತ್ತುಗಳ ಕಾಳಗದಲ್ಲೂ ಬೇಕೆಂದೇ ಸಂಗಡಿಗರನ್ನು ಆಟಗಾರನಿಂದ ಕಿತ್ತುಕೊಂಡ ಆಟವೊಂದಿದೆ. ಅದು 1990ರ ಫೆಬ್ರುವರಿಯಲ್ಲಿ ಜಪಾನಿನ ಫ್ಯಾಮಿಕಾಮ್ ಎಂಬ ಗೇಮ್ ಯಂತ್ರಕ್ಕೆ ಬಂದ ‘ಡ್ರ್ಯಾಗನ್ ಕ್ವೆಸ್ಟ್ 4’. ಯೂಜಿ ಹೋರಿ ವಿನ್ಯಾಸದ ಈ ಆಟದ ಕತೆ ಐದು ಅಧ್ಯಾಯಗಳಲ್ಲಿ ಹರಡಿದೆ. ಮೊದಲ ನಾಲ್ಕು ಅಧ್ಯಾಯಗಳಲ್ಲಿ ಒಬ್ಬ ಸೈನಿಕ, ಒಬ್ಬಳು ರಾಜಕುಮಾರಿ ಮತ್ತವಳ ಜೊತೆಗಾರರು, ಒಬ್ಬ ವ್ಯಾಪಾರಿ, ಇಬ್ಬರು ಅಕ್ಕತಂಗಿಯರ ಕತೆ ಬೇರೆಬೇರೆಯಾಗಿ ಸಾಗುತ್ತದೆ. ಅಲ್ಲೆಲ್ಲ ಆಯಾ ಅಧ್ಯಾಯದ ಮುಖ್ಯ ಪಾತ್ರ ಆಟಗಾರನ ಕೈಯಲ್ಲೇ ಇರುತ್ತದೆ. ಐದನೆಯ ಅಧ್ಯಾಯದಲ್ಲಿ ಎಲ್ಲರೂ ನಾಯಕನ ಸುತ್ತ ಸೇರುತ್ತಾರೆ, ಸೇರಿದ ಮರುಕ್ಷಣ ಸ್ವತಂತ್ರರಾಗುತ್ತಾರೆ. ಆಟಗಾರ ಅವರಿಗೆ ಇಂಥದ್ದೇ ಮಾಡು ಎನ್ನುವಂತಿಲ್ಲ. ‘ಜೋರಾಗಿ ನುಗ್ಗೋಣ’, ‘ಪ್ರಾಣ ಜೋಪಾನ’, ‘ಮಂತ್ರ ಉಳಿಸು’ ಎಂಬಂಥ ಒಟ್ಟು ಧೋರಣೆಯನ್ನು ಮಾತ್ರ ಆರಿಸಬಹುದು. ಈ ಪೈಕಿ ‘ಪ್ರಾಣ ಜೋಪಾನ’ ಎಂಬರ್ಥದ ಜಪಾನಿ ಮಾತು ಆಟದಿಂದಾಚೆಗೂ ಜನಪ್ರಿಯವಾಯಿತು.

ಅದಕ್ಕಿಂತ ಜನಪ್ರಿಯನಾದವನು ಕ್ಲಿಫ್ಟ್ ಎಂಬ ಪೂಜಾರಿ. ಅವನ ಬಳಿ ಗಾಯ ಮಾಯಿಸುವ ಮಂತ್ರಗಳ ಜೊತೆಗೆ ಎದುರಾಳಿಗಳನ್ನು ಒಂದೇಟಿಗೆ ಕೊಲ್ಲುವ ‘ಜರಾಕಿ’ ಎಂಬ ಮಂತ್ರವೂ ಇತ್ತು. ಆಟದ ಬಾಸ್‌ಗಳಿಗೆ ಈ ಮಂತ್ರ ನಾಟುವುದಿಲ್ಲ. ಆದರೂ ಕ್ಲಿಫ್ಟ್ ಬಾಸ್ ಎದುರು ನಿಂತು, ಪಕ್ಕದಲ್ಲಿ ಸಂಗಡಿಗರು ನೆತ್ತರು ಸುರಿಸುತ್ತಿದ್ದರೂ, ಜರಾಕಿಯನ್ನೇ ಜಪಿಸುತ್ತಿದ್ದ. ಜಪಾನಿನಲ್ಲಿ ಇದು ಇಂದಿಗೂ ಹಳಸದ ನಗೆಚಟಾಕಿ. ಅವನ ವರ್ತನೆಗೆ ಕಾರಣ ಮಾತ್ರ ಪೆದ್ದುತನವಲ್ಲ. ಆ ಆಟದ ಸಂಗಡಿಗರು ಅನುಭವದಿಂದ ಕಲಿಯುವಂತೆ ರಚನೆಯಾಗಿದ್ದರು. ಯಾವ ಎದುರಾಳಿಗೆ ಯಾವ ಮಂತ್ರ ನಾಟದೆಂದು ಹೋರಾಡಿ ಹೋರಾಡಿ ತಿಳಿದುಕೊಳ್ಳಬೇಕಿತ್ತು. ಪುಡಿ ರಾಕ್ಷಸರು ಮತ್ತೆಮತ್ತೆ ಸಿಗುವುದರಿಂದ ಕಲಿಕೆಗೆ ಅವಕಾಶವುಂಟು. ಬಾಸ್ ಸಿಗುವುದು ಒಮ್ಮೆ. ತಿಳಿವಳಿಕೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಜಾಗದಲ್ಲೇ ಕ್ಲಿಫ್ಟ್ ಏನೂ ತಿಳಿಯದವನಾಗಿರುತ್ತಿದ್ದ. 512 ಕಿಲೋಬೈಟ್‌ನ ಒಂದು ಕಾರ್ಟ್ರಿಜ್‌ನಲ್ಲಿ ಐದು ಅಧ್ಯಾಯಗಳ ಕತೆಯ ಜೊತೆ ಇಷ್ಟು ಬುದ್ಧಿಯನ್ನೂ ತುಂಬಿದ್ದೇ ಹೆಚ್ಚುಗಾರಿಕೆ ಎಂಬುದನ್ನು, ಸೋತು ಕೂತ ಆಟಗಾರನಿಗೆ ಹೇಳಿ ಪ್ರಯೋಜನವಿರಲಿಲ್ಲ.

1992ರ ‘ಡ್ರ್ಯಾಗನ್ ಕ್ವೆಸ್ಟ್ 5’ ಧೋರಣೆಗಳ ಪಟ್ಟಿಗೆ ‘ಹೇಳಿದಂತೆ ಮಾಡು’ ಎಂಬ ಒಂದು ಸಾಲನ್ನು ಸೇರಿಸಿತು. ಅದನ್ನು ಆರಿಸಿದರೆ ಒಬ್ಬೊಬ್ಬರಿಗೂ ಅಪ್ಪಣೆ ಕೊಡಬಹುದು. ನಾಲ್ಕನೆಯ ಆಟವನ್ನೇ 2001ರಲ್ಲಿ ಪ್ಲೇಸ್ಟೇಷನ್‌ಗೆ ಹೊಸದಾಗಿ ಮಾಡಿದಾಗ ಅಲ್ಲೂ ಈ ಸಾಲು ಬಂತು. ಆದರೆ ಈ ಸರಣಿಯನ್ನು ಬಲ್ಲವರು ಎಲ್ಲ ವೇಳೆಯೂ ಆ ಸಾಲನ್ನು ಹಿಡಿಯುವುದಿಲ್ಲ. ಅದಕ್ಕೊಂದು ಸೊಗಸಾದ ಕಾರಣವಿದೆ. ಆಟಗಾರ ಅಪ್ಪಣೆ ಕೊಡುವುದು ಸುತ್ತಿನ ಆರಂಭದಲ್ಲಿ. ಆಗ ಎಲ್ಲರೂ ಗಟ್ಟಿಯಾಗಿದ್ದಾರೆಂದು ಪೂಜಾರಿಗೆ ‘ಹೊಡೆ’ ಎಂದರೆ, ನಡುವೆ ಯಾರಿಗೇ ಪೆಟ್ಟು ಬಿದ್ದರೂ ಅವನು ಹೊಡೆಯುವವನೇ. ಕಂಪ್ಯೂಟರ್ ನಡೆಸುವ ಪೂಜಾರಿ ತನ್ನ ಸರದಿ ಬಂದ ಗಳಿಗೆಯಲ್ಲಿ ತೀರ್ಮಾನಿಸುತ್ತಾನೆ. ಈಗಷ್ಟೇ ಬಿದ್ದ ಪೆಟ್ಟನ್ನು ನೋಡಿ ಆ ಸುತ್ತಿನಲ್ಲೇ ಮಾಯಿಸುತ್ತಾನೆ. ಬುದ್ಧಿ ಕಡಿಮೆಯಿದ್ದರೂ ಹೊತ್ತು ಅವನ ಕಡೆಗಿದೆ.

ಅಮೆರಿಕದ ಆಟಗಳಲ್ಲಿ ಸಂಗಡಿಗರನ್ನು ಕಂಪ್ಯೂಟರಿಗೆ ಬಿಡುವ ಪ್ರಯೋಗ ಇನ್ನಷ್ಟು ರಕ್ತಮಯವಾಗಿತ್ತು. 1997ರ ‘ಫಾಲ್‌ಔಟ್’ನಲ್ಲಿ ಇಯಾನ್ ಎಂಬ ಬಂದೂಕಿನ ಸಂಗಡಿಗ ಸಿಗುತ್ತಾನೆ. ಮಷೀನ್ ಗನ್ ಕೊಟ್ಟರೆ ಅವನು ಎದುರಾಳಿಯ ಕಡೆಗೆ ಗುಂಡಿನ ಮಳೆ ಸುರಿಸುತ್ತಾನೆ, ನಡುವೆ ನಾಯಕನ ಬೆನ್ನು ಇದೆಯೆಂಬುದನ್ನು ಲೆಕ್ಕಿಸದೆ. ಮರುವರ್ಷದ ‘ಫಾಲ್‌ಔಟ್ 2’ರಲ್ಲಿ ಸಂಗಡಿಗರಿಗೆ ‘ನನಗೆ ತಗಲುವುದಿಲ್ಲವೆಂದು ಖಾತ್ರಿಯಾದರೆ ಮಾತ್ರ ಹಾರಿಸು’ ಎಂದು ಹೇಳುವ ಏರ್ಪಾಡು ಮೆನುವಿನಲ್ಲೇ ಬಂತು. ಮೊದಲ ಆಟದ ಬಗ್ಗೆ ಅದಕ್ಕಿಂತ ಚುಟುಕಾದ ವಿಮರ್ಶೆ ಬೇಕಿಲ್ಲ.

ಕೆನಡಾದ ಬಯೋವೇರ್ 1998ರಲ್ಲಿ ತಂದ ‘ಬಾಲ್ಡರ್ಸ್ ಗೇಟ್’ ನಡುದಾರಿ ಹುಡುಕಿತು. ಕಾಳಗ ಓಡುತ್ತಲೇ ಇರುತ್ತದೆ, ಆದರೆ ಸ್ಪೇಸ್ ಬಾರ್ ಒತ್ತಿದರೆ ಎಲ್ಲವೂ ಸ್ತಬ್ಧ. ಆಗ ಆರು ಜನಕ್ಕೂ ಅಪ್ಪಣೆ ಕೊಟ್ಟು ಮತ್ತೆ ಓಡಿಸಬಹುದು. ಅಪ್ಪಣೆಯಿಲ್ಲದ ಹೊತ್ತಿನಲ್ಲಿ ಒಬ್ಬೊಬ್ಬರೂ ತಮಗೆ ಹಚ್ಚಿದ ಸ್ಕ್ರಿಪ್ಟ್ ಎಂಬ ಸೂಚನೆಗಳ ಪಟ್ಟಿಯಂತೆ ನಡೆದುಕೊಳ್ಳುತ್ತಾರೆ. ಕಂಪ್ಯೂಟರ್ ಪ್ರೋಗ್ರಾಮ್ ಬರೆಯಬಲ್ಲ ಆಟಗಾರರು ತಮ್ಮದೇ ಸ್ಕ್ರಿಪ್ಟ್‌ಗಳನ್ನು ಬರೆದು ಹಂಚಿಕೊಂಡರು. ಸಂಗಡಿಗನ ಬುದ್ಧಿಯನ್ನು ತಿದ್ದುವ ಕೆಲಸವೇ ಒಂದು ಆಟವಾಗಬಹುದೆಂಬ ಸುಳಿವು ಇಲ್ಲಿತ್ತು.

ಆ ಸುಳಿವನ್ನು ಪೂರ್ತಿ ಬೆಳೆಸಿದ್ದು 2006ರ ‘ಫೈನಲ್ ಫ್ಯಾಂಟಸಿ 12’. ಅದರ ಗ್ಯಾಂಬಿಟ್ ಎಂಬ ಪದ್ಧತಿಯನ್ನು ವಿವರಿಸಲು ಕಂಪ್ಯೂಟರ್ ವಿಜ್ಞಾನ ಬೇಕಿಲ್ಲ. ಮನೆಯಿಂದ ಹೊರಡುವ ತಾಯಿ ಮಗನಿಗೆ ‘ಹಾಲು ಉಕ್ಕಿ ಬಂದರೆ ಒಲೆ ಆರಿಸು, ಮಳೆ ಬಂದರೆ ಬಟ್ಟೆ ಒಳಗೆ ಹಾಕು, ಯಾವುದೂ ಇಲ್ಲದಿದ್ದರೆ ಓದಿಕೋ’ ಎಂದು ಹೇಳಿ ಹೋಗುವುದೇ ಗ್ಯಾಂಬಿಟ್. ಆಟದಲ್ಲಿ ಪ್ರತಿ ಪಾತ್ರಕ್ಕೂ ಇಂಥ ನಿಯಮಗಳ ಪಟ್ಟಿಯಿದೆ. ಗರಿಷ್ಠ 12 ಸಾಲುಗಳವರೆಗೆ ಬೆಳೆಸಬಹುದು. ಸಾಲಿನ ಎಡಕ್ಕೆ ಸಂದರ್ಭ, ಬಲಕ್ಕೆ ಕೆಲಸ: ‘ನಮ್ಮವರಲ್ಲಿ ಯಾರದಾದರೂ ಎಚ್‌ಪಿ (ಉಳಿದಿರುವ ಪ್ರಾಣಶಕ್ತಿ) ಅರ್ಧಕ್ಕಿಂತ ಇಳಿದಿದ್ದರೆ, ಗಾಯ ಮಾಯಿಸು.’ ಪಾತ್ರ ತನ್ನ ಪಟ್ಟಿಯನ್ನು ಮೇಲಿನಿಂದ ಓದುತ್ತ ಬಂದು, ಮೊದಲು ಹೊಂದಿಕೆಯಾದ ಸಾಲಿನಂತೆ ನಡೆಯುತ್ತದೆ.

ಇಲ್ಲಿ ಸ್ವಾರಸ್ಯವೆಲ್ಲ ಸಾಲುಗಳ ಕ್ರಮದಲ್ಲಿದೆ. ‘ಎದುರಾಳಿ ಕಂಡರೆ ಹೊಡೆ’ ಎಂಬುದನ್ನು ಮೇಲಿಟ್ಟು ‘ಗಾಯ ಮಾಯಿಸು’ ಎಂಬುದನ್ನು ಕೆಳಗಿಟ್ಟರೆ, ಎದುರಾಳಿ ಇರುವ ತನಕ ಪೂಜಾರಿಕೆ ನಡೆಯುವುದೇ ಇಲ್ಲ. ಬೆಂಕಿಯನ್ನೇ ಉಣ್ಣುವ ರಾಕ್ಷಸನ ಮೇಲೆ ಬೆಂಕಿಯ ಮಂತ್ರ ಹಾಕುವ ಸಾಲೊಂದು ಉಳಿದುಬಿಟ್ಟರೆ ಅವನು ಹೊಡೆತ ತಿಂದಷ್ಟೂ ಕೊಬ್ಬುತ್ತಾನೆ. ಜಾಣರು ‘ಎದುರಾಳಿಯ ಎಚ್‌ಪಿ ಪೂರ್ತಿಯಿದ್ದರೆ ಕದಿ’ ಎಂಬ ಸಾಲನ್ನು ಹೊಡೆತದ ಸಾಲಿನ ಮೇಲಿಡುತ್ತಾರೆ. ಮೊದಲ ಪೆಟ್ಟು ಬೀಳುವ ತನಕ ಜೇಬುಗಳ್ಳತನ, ಬಿದ್ದ ಮೇಲೆ ಯುದ್ಧ. ಎರಡೂ ತಂತಾನೇ ಸಾಗುತ್ತವೆ. ‘ಎದುರಾಳಿ ಸತ್ತು ಎದ್ದವನಾಗಿದ್ದರೆ’ ಎಂಬ ಸಂದರ್ಭಕ್ಕೆ ಗಾಯ ಮಾಯಿಸುವ ಮಂತ್ರವನ್ನೇ ಜೋಡಿಸುವುದೂ ಉಂಟು, ಏಕೆಂದರೆ ಈ ಆಟದ ಪ್ರೇತಗಳಿಗೆ ಆ ಮಂತ್ರವೇ ವಿಷ. ಆಟಗಾರ ಯಾವ ಗಳಿಗೆಯಲ್ಲಾದರೂ ನೇರ ಅಪ್ಪಣೆ ಕೊಟ್ಟರೆ ಅದು ಪಟ್ಟಿಯನ್ನು ಮೀರಿ ನಡೆಯುತ್ತದೆ.

ಆಟ ತನ್ನನ್ನು ತಾನೇ ಆಡಿಕೊಳ್ಳುತ್ತದೆ, ಕಂಟ್ರೋಲರ್ ಕೆಳಗಿಟ್ಟು ಕಾಫಿ ಕುಡಿದು ಬರಬಹುದು ಎಂಬುದು ಗ್ಯಾಂಬಿಟ್ ಮೇಲಿನ ಹಳೆಯ ದೂರು. ಅದು ಅರ್ಧ ನಿಜ. ಕಾಳಗದ ಹೊತ್ತಿನಲ್ಲಿ ಕೈಗೆ ಕೆಲಸ ಕಡಿಮೆ. ಆದರೆ ತೀರ್ಮಾನಗಳು ಮಾಯವಾಗಿಲ್ಲ; ಕಾಳಗಕ್ಕಿಂತ ಮೊದಲಿಗೆ ಸರಿದಿವೆ. ಕ್ಲಿಫ್ಟ್ ಜರಾಕಿ ಜಪಿಸಿದಾಗ ಅವನನ್ನು ಬೈಯಬಹುದಿತ್ತು. ಗ್ಯಾಂಬಿಟ್ ತಪ್ಪಿದಾಗ ಅದನ್ನು ಬರೆದವನನ್ನೇ ಬೈದುಕೊಳ್ಳಬೇಕು. ಈ ಅರ್ಥದಲ್ಲಿ ಅದು ಕಂಪ್ಯೂಟರ್ ಹಿಡಿತಕ್ಕಿಂತ ವಿಝರ್ಡ್ರಿಯ ಹಿಡಿತಕ್ಕೇ ಹತ್ತಿರ.

2009ರ ‘ಡ್ರ್ಯಾಗನ್ ಏಜ್: ಆರಿಜಿನ್ಸ್’ ಇದೇ ಬಗೆಯ ನಿಯಮಪಟ್ಟಿಯನ್ನು ನಿಲ್ಲಿಸಿ ಆಡುವ ಕಾಳಗಕ್ಕೆ ಜೋಡಿಸಿತು. ಅಲ್ಲಿ ಸಾಲುಗಳನ್ನು ಹೆಚ್ಚಿಸಿಕೊಳ್ಳಲು ಪಾತ್ರದ ಕೌಶಲದ ಅಂಕಗಳನ್ನು ವೆಚ್ಚಮಾಡಬೇಕಿತ್ತು. ಬುದ್ಧಿ ಬೇಕಿದ್ದರೆ ಬೇರೇನನ್ನೋ ಬಿಡಬೇಕು. ಅದೇ ವರ್ಷದ ‘ಫೈನಲ್ ಫ್ಯಾಂಟಸಿ 13’ ಮಾತ್ರ ಬರೆಯುವ ಹಕ್ಕನ್ನು ವಾಪಸು ಪಡೆಯಿತು. ಆಟಗಾರ ನಡೆಸುವುದು ಮುಂದಾಳನ್ನು ಮಾತ್ರ. ಉಳಿದವರಿಗೆ ಆರು ಪಾತ್ರವರ್ಗಗಳಲ್ಲಿ ಯಾವುದು ಎಂಬುದನ್ನು ಗಳಿಗೆಗಳಿಗೆಗೆ ಬದಲಿಸಬಹುದು. ಮುಂದಾಳು ಬಿದ್ದರೆ, ಎಬ್ಬಿಸಬಲ್ಲವರು ಪಕ್ಕದಲ್ಲೇ ನಿಂತಿದ್ದರೂ, ಆಟ ಮುಗಿಯಿತು.

ಈ ವಿಚಿತ್ರ ನ್ಯಾಯ ‘ಪರ್ಸೋನಾ 3’ರಲ್ಲೂ ಇದೆ, ಕ್ಲಿಫ್ಟ್‌ನ ವಂಶವೂ ಅಲ್ಲಿ ಮುಂದುವರಿಯುತ್ತದೆ. 2006ರ ಈ ಆಟದಲ್ಲಿ ನಾಯಕ ಹೈಸ್ಕೂಲ್ ಹುಡುಗ, ಸಂಗಡಿಗರು ಅವನ ಜೊತೆ ಒಂದೇ ವಸತಿಗೃಹದಲ್ಲಿರುವವರು. ಕಾಳಗದಲ್ಲಿ ಅವರಿಗೆ ಧೋರಣೆ ಸೂಚಿಸಬಹುದೇ ಹೊರತು ಅಪ್ಪಣೆ ಕೊಡುವಂತಿಲ್ಲ. ಮಿತ್ಸುರು ಎಂಬ ಹಿರಿಯ ವಿದ್ಯಾರ್ಥಿನಿ ಎದುರಾಳಿಯನ್ನು ಮೋಹಗೊಳಿಸುವ ‘ಮರಿನ್ ಕರಿನ್’ ಮಂತ್ರವನ್ನು ನಾಟದ ಬಾಸ್‌ಗಳ ಮೇಲೂ ಹಾಕುತ್ತ ಕೂರುವುದು ದೇಶದೇಶಗಳ ಆಟಗಾರರಿಗೆ ನಗೆಯ ವಸ್ತುವಾಯಿತು. ಆದರೂ ಇಲ್ಲಿ ಈ ಏರ್ಪಾಡಿಗೆ ಅರ್ಥವಿತ್ತು. ಆಟದ ಅರ್ಧ ಭಾಗ ನಡೆಯುವುದೇ ಶಾಲೆ, ಸ್ನೇಹ, ಮನಸ್ತಾಪಗಳಲ್ಲಿ. ಸಂಜೆ ಮಾತು ಬಿಟ್ಟ ಗೆಳೆಯ ರಾತ್ರಿ ಕಾಳಗದಲ್ಲಿ ಕೈಗೊಂಬೆಯಾಗುವುದಿಲ್ಲ. ಅವನು ತಪ್ಪಿದಾಗ ಸಿಟ್ಟು ಬರುವುದು ಒಬ್ಬ ವ್ಯಕ್ತಿಯ ಮೇಲೆ. ಸಂಗಡಿಗ ಒಬ್ಬ ವ್ಯಕ್ತಿಯೆಂಬ ಈ ಭ್ರಮೆ ಉಳಿಯಬೇಕಾದರೆ ತಪ್ಪುಗಳು ಮನುಷ್ಯರ ತಪ್ಪಿನಂತೆ ಇರಬೇಕು: ಆತುರ, ಹೆದರಿಕೆ, ಅತಿ ವಿಶ್ವಾಸ. ನಾಟದ ಮಂತ್ರವನ್ನು ಏಳನೆಯ ಸಲ ಹಾಕುವುದು ಯಂತ್ರದ ತಪ್ಪು. ಅಲ್ಲಿಗೆ ಗೆಳತಿ ಮರೆಯಾಗಿ ಪ್ರೋಗ್ರಾಮ್ ಕಾಣಿಸುತ್ತದೆ.

2012ರ ‘ಡ್ರ್ಯಾಗನ್ಸ್ ಡಾಗ್ಮಾ’ ಈ ತೊಡಕನ್ನು ಬೇರೆ ಕಡೆಯಿಂದ ಬಿಡಿಸಿತು. ಅದರ ಪಾನ್ ಎಂಬ ಸಂಗಡಿಗರು ಕತೆಯಲ್ಲೇ ಸ್ವಂತ ಇಚ್ಛೆಯಿಲ್ಲದ ಜೀವಿಗಳು. ಅವರು ನಾಯಕನನ್ನು ನೋಡಿ ಕಲಿಯುತ್ತಾರೆ. ಒಬ್ಬ ಆಟಗಾರ ರೂಪಿಸಿದ ಪಾನನ್ನು ಇಂಟರ್‌ನೆಟ್ ಮೂಲಕ ಬೇರೆಯವರು ಬಾಡಿಗೆಗೆ ಕರೆಯಬಹುದು. ಪಾನ್‌ಗಳು ಹೇಳಿದ್ದನ್ನೇ ಹೇಳುತ್ತಿದ್ದರೆ ಕಿರಿಕಿರಿಯಾಗಬಹುದು, ಆದರೆ ಭ್ರಮೆ ಒಡೆಯುವುದಿಲ್ಲ. ಯಂತ್ರದಂತಿರುವುದೇ ಅವರ ಪಾತ್ರ.

ಮೊಬೈಲ್ ಆಟಗಳು ಈ ಚರ್ಚೆಯನ್ನೆಲ್ಲ ‘ಆಟೊ’ ಎಂಬ ಒಂದು ಗುಂಡಿಗೆ ಇಳಿಸಿವೆ. ದೊಡ್ಡ ಆಟಗಳಲ್ಲಿ ಎರಡು ದಾರಿಗಳೂ ಜೀವಂತವಾಗಿವೆ. 2023ರ ‘ಬಾಲ್ಡರ್ಸ್ ಗೇಟ್ 3’ ಸುತ್ತುಗಳ ಕಾಳಗಕ್ಕೆ ಮರಳಿ, ನಾಲ್ವರನ್ನೂ ಆಟಗಾರನ ಕೈಗೆ ಕೊಟ್ಟಿತು. 2024ರ ‘ಡ್ರ್ಯಾಗನ್ ಏಜ್: ದಿ ವೇಲ್‌ಗಾರ್ಡ್’ ಇದಕ್ಕೆ ತದ್ವಿರುದ್ಧ: ಸಂಗಡಿಗರಿಗೆ ಇಂಥ ವಿದ್ಯೆ ಬಳಸು ಎಂದು ಹೇಳಬಹುದು, ಆದರೆ ಆಟಗಾರ ಅವರನ್ನು ತಾನೇ ನಡೆಸುವಂತಿಲ್ಲ. ‘ಪರ್ಸೋನಾ’ ಸರಣಿ 2008ರ ನಾಲ್ಕನೆಯ ಆಟದಿಂದಲೇ ನೇರ ಅಪ್ಪಣೆಯನ್ನು ಸೇರಿಸಿಕೊಂಡಿತ್ತು. ಮೂರನೆಯ ಆಟದ 2009ರ ಕೈಯಂತ್ರದ ಆವೃತ್ತಿಗೂ ಅದು ಬಂತು. 2024ರಲ್ಲಿ ‘ಪರ್ಸೋನಾ 3 ರೀಲೋಡ್’ ಎಂಬ ಹೊಸ ರೂಪ ಹೊರಟಾಗ ಮಿತ್ಸುರು ಕೂಡ ಹೇಳಿದಂತೆ ಕೇಳುವವಳಾದಳು. ಹಳೆಯ ಧೋರಣೆಗಳ ಪಟ್ಟಿ ಮೆನುವಿನಲ್ಲಿ ಇನ್ನೂ ಉಳಿದಿದೆ. ಅವಳನ್ನು ಅವಳ ಪಾಡಿಗೆ ಬಿಡಲು ಬಯಸುವವರು ಬಿಡಬಹುದು.