ಅವ್ವನ ಕಿಮೊ ನಡುವೆ ನನ್ನ ಓಟ

ಅವ್ವಗ ಸ್ತನ ಕ್ಯಾನ್ಸರ್. 21 ದಿನಕ್ಕೊಮ್ಮೆ ಗದಗದಿಂದ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಕಿಮೊಗೆ ಹೋಗ್ತೀವಿ. ರಾತ್ರಿ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಅದಕ್ಕೇ ಬೆಳಿಗ್ಗೆ ಭೀಷ್ಮ ಕೆರೆ ಕಡೆ ಓಡಲು ಶುರು ಮಾಡಿದೆ.

ಓಟ ಅಂದ್ರೆ 1 ನಿಮಿಷ ಓಡೋದು, 2 ನಿಮಿಷ ನಡೆಯೋದು; ಹೀಗೆ 7 ಸಲ, ವಾರಕ್ಕೆ 3 ದಿನ. ಓಡುವಾಗ ಮಾತಾಡೋಕೆ ಬರಬೇಕು, ಅಷ್ಟೇ ವೇಗ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಚಟುವಟಿಕೆ ಬೇಕು ಅನ್ನುತ್ತದೆ. ಅಲ್ಲಿಗೆ ನಿಧಾನಕ್ಕೆ ಮುಟ್ಟಿದರಾಯ್ತು.

ಓಡುವ ದಿನ ಗೊತ್ತು ಮಾಡೋದು ಅವ್ವನ ಕಿಮೊ. ಆ ದಿನ, ಮುಂದಿನ ಎರಡು ದಿನ ಅವಳಿಗೆ ವಾಂತಿ, ಸುಸ್ತು ಜಾಸ್ತಿ, ನಾನು ಮನೆಯಲ್ಲೇ. ಸುಮಾರು ವಾರದ ನಂತರ ಬಿಳಿ ರಕ್ತಕಣ ಇಳಿಯುತ್ತವೆ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬಾರದು, ಕೂಡಲೇ ಆಸ್ಪತ್ರೆ. ಹಾಗಾಗಿ ಫೋನ್ ಕಿಸೆಯಲ್ಲೇ ಇರುತ್ತದೆ, ದೂರ ಹೋಗೋದಿಲ್ಲ. ವಾಪಸ್ ಬಂದು ಸೋಪು ಹಚ್ಚಿ ಕೈ ತೊಳೆದ ಮೇಲೇ ಅವಳ ಹತ್ತಿರ.

ಅವ್ವನ್ನ ಬಿಟ್ಟು ಓಡೋದು ತಪ್ಪು ಅನ್ನಿಸ್ತಿತ್ತು. ಒಂದಿನ ಹೋಗದೆ ಕೂತಿದ್ದೆ. ಅವಳೇ ಕೇಳಿದ್ಲು: “ಯಾಕೋ, ಇವತ್ತ ಹೋಗಲಿಲ್ಲ? ನೀನೂ ಹಾಸಗಿ ಹಿಡಿದ್ರ ನನ್ನ ಎಬ್ಬಿಸಿ ಕೂಡಸೋರು ಯಾರು?”