ಲೆಕ್ಕ ಬಯಲಿಗಿಟ್ಟರೆ ಸಾಲದು

ನಮ್ಮ ವಾಚನಾಲಯದ ಗೋಡೆಯ ಮೇಲೆ ವರ್ಷಕ್ಕೊಮ್ಮೆ ಜಮಾಖರ್ಚಿನ ತಖ್ತೆಯನ್ನು ತೂಗುಹಾಕುತ್ತೇವೆ. ಅದನ್ನು ನಿಂತು ಓದುವವರು ಎಷ್ಟು ಮಂದಿ ಎಂಬುದನ್ನು ವಾಚಕ ಮಹಾಶಯರೇ ಬಲ್ಲರು. ಆದರೆ "ಈ ಸಲ ಯಾವ ಹೊಸ ಪುಸ್ತಕ ಬಂತು?" ಎಂದು ಕೇಳದವರಿಲ್ಲ. ಬ್ಲಾಕ್‌ಚೈನ್ ಸಮುದಾಯಗಳು ಲೋಕೋಪಕಾರಕ್ಕೆ ಹಣ ಕೊಡುತ್ತಿರುವ ಸಂಗತಿಯನ್ನು ಓದುವಾಗ ನಮಗೆ ಈ ಗೋಡೆಯೇ ನೆನಪಾಗುತ್ತದೆ.

ಬ್ಲಾಕ್‌ಚೈನ್ ಎಂದರೆ ಒಬ್ಬ ಶಾನುಭೋಗನ ವಶದಲ್ಲಿರದೆ, ಸಾವಿರಾರು ಗಣಕಯಂತ್ರಗಳಲ್ಲಿ ಏಕಕಾಲಕ್ಕೆ ಇರುವ ಕಿರ್ದಿ ಪುಸ್ತಕ. ಬರೆದುದನ್ನು ತಿದ್ದುವುದು ಬಹು ಕಷ್ಟ; ಯಾರು ಬೇಕಾದರೂ ತೆರೆದು ನೋಡಬಹುದು. ಬಿಟ್‌ಕಾಯಿನ್, ಈಥರ್ ಮೊದಲಾದ ನಾಣ್ಯಗಳು ಇಂಥ ಕಿರ್ದಿಗಳಲ್ಲಿಯೇ ಕೈಯಿಂದ ಕೈಗೆ ಹೋಗುತ್ತವೆ.

ಯುನಿಸೆಫ್ ಸಂಸ್ಥೆ 2019ರ ಅಕ್ಟೋಬರಿನಲ್ಲಿ ಇಂಥ ನಾಣ್ಯಗಳ ನಿಧಿಯೊಂದನ್ನು ತೆರೆಯಿತು. 2020ರಲ್ಲಿ ಏಳು ದೇಶಗಳ ಎಂಟು ಕಂಪನಿಗಳಿಗೆ ತಲಾ 125 ಈಥರ್ ಕಳುಹಿಸಿತು; ಹಣ ಮುಟ್ಟಲು ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಅವುಗಳಲ್ಲೊಂದು ಹೈದರಾಬಾದಿನ ಸ್ಟಾಟ್‌ವಿಗ್. ಬಡವರಿಗಾಗಿ ಸರ್ಕಾರ ಕಳುಹಿಸುವ ಅಕ್ಕಿಯ ಜಾಡು ಹಿಡಿಯುವ ಪ್ರಯೋಗ ಅದರದು. ಹಣ ಹೊರಟ ಗಳಿಗೆ ಕಿರ್ದಿಯಲ್ಲಿದೆ, ಮೂಟೆಯ ಪ್ರಯಾಣವನ್ನೂ ಬರೆಯಬಹುದು. ಆದರೆ ಗೋದಾಮಿನವನು ಒತ್ತಿದ್ದನ್ನಷ್ಟೇ ಕಿರ್ದಿ ಬಲ್ಲದು. ಅಕ್ಕಿಯಲ್ಲಿ ಹುಳು ಇತ್ತೇ, ತೂಕ ಸರಿಯಿತ್ತೇ ಎಂಬುದನ್ನು ಚೀಲ ಬಿಚ್ಚಿದ ತಾಯಿಯೇ ಹೇಳಬೇಕು.

2021ರ ಬೇಸಗೆಯನ್ನು ನಾವು ಯಾರೂ ಮರೆತಿಲ್ಲ. ಆಮ್ಲಜನಕಕ್ಕಾಗಿ ಜನ ಅಲೆಯುತ್ತಿದ್ದಾಗ, ಪಾಲಿಗಾನ್ ಸ್ಥಾಪಕರಲ್ಲೊಬ್ಬರಾದ ಸಂದೀಪ್ ನೈಲ್ವಾಲ್ ಇದೇ ನಾಣ್ಯಗಳಲ್ಲಿ ಪರಿಹಾರ ನಿಧಿಯೊಂದನ್ನು ಆರಂಭಿಸಿದರು. ಇಥೀರಿಯಮ್ಮಿನ ವಿಟಾಲಿಕ್ ಬ್ಯೂಟೆರಿನ್ ಅದಕ್ಕೆ ಶಿಬಾ ಇನು ಎಂಬ, ನಾಯಿಯ ಮುದ್ರೆಯ ಟೋಕನ್ನುಗಳ ದೊಡ್ಡ ರಾಶಿಯನ್ನೇ ಕೊಟ್ಟರು. ಅಂದಿನ ಪೇಟೆಯ ದರದಲ್ಲಿ ಅದು ನೂರು ಕೋಟಿ ಡಾಲರಿಗೂ ಮೇಲು. ಅಷ್ಟನ್ನೂ ಮಾರಹೊರಟರೆ ದರವೇ ಕುಸಿಯುವುದರಿಂದ ಕೈಗೆ ಸಿಕ್ಕಿದ್ದು ಅದಕ್ಕಿಂತ ಬಹಳ ಕಡಿಮೆ. ನಾಯಿಯ ಕಥೆ ಲೋಕವನ್ನೆಲ್ಲ ಸುತ್ತಿತು. ಆ ನಿಧಿಯ ಹಣ ಯುನಿಸೆಫ್ ಮೂಲಕ ಲಸಿಕೆಯ ಸಿರಿಂಜುಗಳಿಗೆ ಹೋಯಿತೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ತೋಳು ಚಾಚಿ ಚುಚ್ಚಿಸಿಕೊಂಡವರಿಗೂ ಗೊತ್ತಿರಲಾರದು. ಪ್ರಚಾರ ಸಿಕ್ಕಿದ್ದು ನಾಣ್ಯಕ್ಕೆ, ಕೆಲಸಕ್ಕಲ್ಲ.

ಗಿಟ್‌ಕಾಯಿನ್ ಎಂಬ ಸಮುದಾಯ 2019ರಿಂದ ಬೇರೊಂದು ದಾರಿ ಹಿಡಿದಿದೆ. ಜನರ ಕಿರುಕಾಣಿಕೆಗೆ ಒಂದು ದೊಡ್ಡ ನಿಧಿಯಿಂದ ಪೂರಕ ಹಣ ಸೇರುತ್ತದೆ. ಆದರೆ ಅಲ್ಲಿ ಮೊತ್ತಕ್ಕಿಂತ ತಲೆಗಳ ಎಣಿಕೆಗೆ ಬೆಲೆ ಹೆಚ್ಚು: ಒಬ್ಬನೇ 100 ಡಾಲರ್ ಕೊಟ್ಟ ಕೆಲಸಕ್ಕಿಂತ, 100 ಮಂದಿ ಒಂದೊಂದು ಡಾಲರ್ ಕೊಟ್ಟ ಕೆಲಸಕ್ಕೆ ಪೂರಕ ಹಣ ಎಷ್ಟೋ ಪಾಲು ಜಾಸ್ತಿ. ಆದ್ದರಿಂದ ಕೆಲಸ ಮಾಡುವವರು ಹತ್ತು ಜನರ ಬಾಗಿಲು ತಟ್ಟಲೇಬೇಕು. ಸಂಘಕ್ಕಾಗಿ ವಂತಿಗೆ ಎತ್ತಿದವರಿಗೆ ಇದರ ರುಚಿ ಗೊತ್ತು! ಒಬ್ಬನೇ ಹತ್ತು ಹೆಸರಿನಲ್ಲಿ ಬರುವ ಮೋಸ ಇಲ್ಲಿಯೂ ಉಂಟು. ಅದಕ್ಕಿಂತ ನಮ್ಮನ್ನು ಕಾಡುವುದೆಂದರೆ, ಈ ಏರ್ಪಾಟು ಮಾತಾಡಿಸುವುದು ಹಣ ಬರುವ ಮೊದಲು. ಬಂದ ಮೇಲೆ ಮಾತಾಡಿಸುವ ಬಲ ಅದಕ್ಕಿಲ್ಲ.

ಹಣ ಮಂಜೂರು ಮಾಡುವಾಗಲೇ, ಕೆಲಸದ ಕಥೆ ಹೇಳುವುದಕ್ಕೆಂದು ಸ್ವಲ್ಪ ಪಾಲನ್ನು ತೆಗೆದಿಡಬೇಕೆಂಬುದು ನಮ್ಮ ಅಭಿಪ್ರಾಯ. ಆ ಪಾಲು ಪೇಟೆಯ ಜಾಹೀರಾತುಗಾರನಿಗೆ ಹೋಗಬಾರದು. ಆ ಊರಿನಲ್ಲಿಯೇ ಇದ್ದು, ಆ ಜನರ ಭಾಷೆಯಲ್ಲಿ ಕೇಳಿ ಬರೆಯುವವನಿಗೆ ಹೋಗಬೇಕು. ಅವನು ವರ್ಷ ಕಳೆದ ಮೇಲೆ ಅದೇ ಮನೆಗೆ ಮತ್ತೆ ಹೋಗಬೇಕು. ಯಂತ್ರ ಕೆಟ್ಟು ಮೂಲೆ ಸೇರಿದ್ದರೆ ಅದನ್ನೂ ಬರೆಯಬೇಕು. ಅಳುವ ಮಗುವಿನ ಚಿತ್ರ ತೋರಿಸಿ ಕರುಣೆ ಬೇಡುವುದು ಬೇಡ. ಈ ನಾಣ್ಯಗಳ ಹೆಸರಿನಲ್ಲಿ ನಡೆದ ಮೋಸಗಳನ್ನು ಜನ ಕೇಳಿದ್ದಾರೆ. ಬರಿಯ ಹೊಗಳಿಕೆಯನ್ನು ಅವರು ಇನ್ನು ನಂಬರು.

ಹೈದರಾಬಾದಿನ ಬಂಧುಗಳಲ್ಲಿ ಅಕ್ಕಿಯ ಆ ಪ್ರಯೋಗವನ್ನು ಕಣ್ಣಾರೆ ಕಂಡವರಿದ್ದರೆ ನಮಗೆ ನಾಲ್ಕು ಸಾಲು ಬರೆದು ಕಳುಹಿಸಲಿ. ಮುಂದಿನ ಸಂಚಿಕೆಯಲ್ಲಿ ಅಚ್ಚುಹಾಕುತ್ತೇವೆ.