ಒಂದೇ ತಂತ್ರಾಂಶ, ಹಲವು ಗಣಕಯಂತ್ರಗಳು: ತಂತ್ರಾಂಶ ನಿರ್ಮಾಣದ ಸಂರಚನೆಯ ಕುರಿತು ಅರ್ಜಿದಾರರಿಗೆ ಮಾಹಿತಿ

ಬನಹಟ್ಟಿಯ ನಾಗರಿಕರೊಬ್ಬರು ಆದಾಯ ಪ್ರಮಾಣಪತ್ರಕ್ಕಾಗಲಿ, ಪಹಣಿಗಾಗಲಿ, ನೇಕಾರರ ಯೋಜನೆಯೊಂದರ ಸೌಲಭ್ಯಕ್ಕಾಗಲಿ ಅರ್ಜಿ ಸಲ್ಲಿಸಿದಾಗ, ಆ ಅರ್ಜಿಯು ಒಂದೇ ಬಗೆಯ ಗಣಕಯಂತ್ರದಲ್ಲಿ ಉಳಿಯುವುದಿಲ್ಲ. ಮನೆಯಲ್ಲಿ ಅದನ್ನು ಮೊಬೈಲ್ ದೂರವಾಣಿಯಲ್ಲಿ ಭರ್ತಿ ಮಾಡಿರಬಹುದು. ಸೇವಾ ಕೇಂದ್ರದಲ್ಲಿ ವಿಂಡೋಸ್ ಗಣಕಯಂತ್ರದಲ್ಲಿ ಪರಿಶೀಲಿಸಿರಬಹುದು. ದತ್ತಾಂಶ ಕೇಂದ್ರದ ಲಿನಕ್ಸ್ ಸರ್ವರ್‌ನಲ್ಲಿ ಅದು ಸಂಗ್ರಹವಾಗಬಹುದು. ಈ ಎಲ್ಲ ಕಡೆಯೂ ಅರ್ಜಿದಾರರ ಹೆಸರು, ಊರು ಮತ್ತು ತಾಲ್ಲೂಕು ಒಂದೇ ಆಗಿ ಉಳಿಯತಕ್ಕದ್ದು. ಹಾಗೆ ಉಳಿಯಬೇಕಾದರೆ ತಂತ್ರಾಂಶವನ್ನು ಸಿದ್ಧಪಡಿಸುವ ಕ್ರಮವು ಲಿಖಿತವಾಗಿರಬೇಕು ಹಾಗೂ ಯಾವುದೇ ಒಂದು ಯಂತ್ರವನ್ನು ಅಥವಾ ಒಬ್ಬ ವ್ಯಕ್ತಿಯ ನೆನಪನ್ನು ಅವಲಂಬಿಸಿರಬಾರದು. ಈ ಕ್ರಮದ ಬಗ್ಗೆ ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ನಿರ್ಮಾಣ ಮತ್ತು ಸಂರಚನೆ

ಮಗ್ಗದ ಊರಿನವರಿಗೆ ಈ ವಿಷಯವು ಅಪರಿಚಿತವಲ್ಲ. ಸೀರೆಯ ಅಂಚಿನ ವಿನ್ಯಾಸವನ್ನು ಮೊದಲು ಚೌಕುಳಿ ಹಾಳೆಯ ಮೇಲೆ ಬರೆಯಲಾಗುತ್ತದೆ. ಅನಂತರ ಅದನ್ನು ನೋಡಿ ಜಕಾರ್ಡ್ ಯಂತ್ರಕ್ಕೆ ಬೇಕಾದ ರಟ್ಟಿನ ಕಾರ್ಡುಗಳಿಗೆ ರಂಧ್ರ ಕೊರೆಯಲಾಗುತ್ತದೆ. ಹಾಳೆಯ ಮೇಲಿನ ಚಿತ್ರ ಒಂದೇ ಆದರೂ 120 ಹುಕ್ಕಿನ ಯಂತ್ರಕ್ಕೆ ಕೊರೆದ ಕಾರ್ಡು 240 ಹುಕ್ಕಿನ ಯಂತ್ರಕ್ಕೆ ಹೊಂದುವುದಿಲ್ಲ, ಮತ್ತೆ ಕೊರೆಯಬೇಕು. ತಂತ್ರಾಂಶದಲ್ಲಿಯೂ ಹೀಗೆಯೇ. ತಜ್ಞರು ಬರೆಯುವ ಮೂಲ ಬರಹವು ಚೌಕುಳಿ ಹಾಳೆಯ ಚಿತ್ರವಿದ್ದಂತೆ. ಅದನ್ನು ನಿರ್ದಿಷ್ಟ ಗಣಕಯಂತ್ರವು ನಡೆಸಬಲ್ಲ ರೂಪಕ್ಕೆ ತರುವ ಕೆಲಸವೇ ನಿರ್ಮಾಣ. ಯಾವ ಯಂತ್ರಕ್ಕೆ, ಯಾವ ಆವೃತ್ತಿಯ ಉಪಕರಣಗಳಿಂದ, ಯಾವ ಕ್ರಮದಲ್ಲಿ ನಿರ್ಮಿಸಬೇಕು ಎಂಬ ವಿವರಗಳ ಪಟ್ಟಿಯೇ ಸಂರಚನೆ. (1804ರಲ್ಲಿ ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮರೀ ಜಕಾರ್ಡ್ ರೂಪಿಸಿದ ಈ ರಂಧ್ರದ ಕಾರ್ಡುಗಳೇ ಮುಂದೆ ಗಣಕಯಂತ್ರಗಳಿಗೂ ಮಾದರಿಯಾದವು ಎಂಬುದನ್ನು ಇಲ್ಲಿ ಸ್ಮರಿಸಬಹುದು.)

ನಿರ್ಮಾಣವನ್ನು ಕೈಯಿಂದ ಮಾಡಿದಲ್ಲಿ ಆಗುವ ತೊಂದರೆಯು ಹಳೆಯದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಒಬ್ಬ ತಜ್ಞರು, ದೋಷವನ್ನು ಈಗಾಗಲೇ ಸರಿಪಡಿಸಿದ್ದರೂ ತಂತ್ರಾಂಶವನ್ನು ಮರುನಿರ್ಮಿಸಲು ಮರೆತು, ಇಲ್ಲದ ದೋಷವನ್ನು ಒಂದು ಇಡೀ ಬೆಳಿಗ್ಗೆ ಹುಡುಕಿದರು. ಇದನ್ನು ಕಂಡ ಅವರ ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್ ಅವರು 1976ರಲ್ಲಿ 'ಮೇಕ್' ಎಂಬ ಉಪಕರಣವನ್ನು ರಚಿಸಿದರು. ಯಾವ ಕಡತ ಬದಲಾದರೆ ಯಾವುದನ್ನು ಮರುನಿರ್ಮಿಸಬೇಕೆಂಬುದನ್ನು ಅದು ಲಿಖಿತ ಪಟ್ಟಿಯಿಂದ ತಾನೇ ನಿರ್ಧರಿಸುತ್ತದೆ. ಅದು ಇಂದಿಗೂ ಬಳಕೆಯಲ್ಲಿದೆ. ಬೇರೆ ಬೇರೆ ವ್ಯವಸ್ಥೆಗಳಿಗೆ ಒಂದೇ ಪಟ್ಟಿಯಿಂದ ನಿರ್ಮಿಸುವ 'ಸಿಮೇಕ್' 2000ದಲ್ಲಿ ಬಂದಿತು.

ಊರು ಅಲ್ಲಿಯೇ ಇದ್ದು ತಾಲ್ಲೂಕು ಬದಲಾದಾಗ

ಬನಹಟ್ಟಿಯು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿದ್ದು, ಅಂದಿನಿಂದ ಮೈಸೂರು ರಾಜ್ಯದಲ್ಲಿತ್ತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಬಿಜಾಪುರ ಜಿಲ್ಲೆಯಿಂದ ಬಾಗಲಕೋಟೆ ಜಿಲ್ಲೆಯನ್ನು ಪ್ರತ್ಯೇಕಿಸಲಾಯಿತು. 2018ರಲ್ಲಿ ಇಳಕಲ್ ಹಾಗೂ ಗುಳೇದಗುಡ್ಡಗಳೊಂದಿಗೆ ರಬಕವಿ-ಬನಹಟ್ಟಿಯೂ ಪ್ರತ್ಯೇಕ ತಾಲ್ಲೂಕಾಯಿತು. ಅಲ್ಲಿಯವರೆಗೆ ಬನಹಟ್ಟಿಯು ಜಮಖಂಡಿ ತಾಲ್ಲೂಕಿಗೆ ಸೇರಿತ್ತು. ಇದರ ನಡುವೆ 2014ರ ನವೆಂಬರ್ 1ರಂದು ಬಿಜಾಪುರವು ವಿಜಯಪುರವೆಂದು ಅಧಿಕೃತವಾಗಿ ಬದಲಾಯಿತು. ಒಂದೇ ಮನೆಯ ಹಳೆಯ ಕಾಗದಪತ್ರಗಳಲ್ಲಿ ಹೀಗೆ ಎರಡು ಜಿಲ್ಲೆ, ಎರಡು ತಾಲ್ಲೂಕು ಕಾಣಿಸಿಕೊಳ್ಳುತ್ತವೆ, ಮನೆ ಮಾತ್ರ ಇದ್ದಲ್ಲಿಯೇ ಇದೆ.

ತಂತ್ರಾಂಶವೊಂದರ ಮೂಲ ಬರಹದೊಳಗೇ ತಾಲ್ಲೂಕುಗಳ ಹೆಸರನ್ನು ಬರೆದಿದ್ದಲ್ಲಿ, ಇಂತಹ ಪ್ರತಿಯೊಂದು ಬದಲಾವಣೆಗೂ ತಂತ್ರಾಂಶವನ್ನು ಮರುನಿರ್ಮಿಸಿ ಪ್ರತಿ ಕಚೇರಿಯ ಗಣಕಯಂತ್ರದಲ್ಲಿಯೂ ಹೊಸದಾಗಿ ಅಳವಡಿಸಬೇಕಾಗುತ್ತದೆ. ಒಂದು ಕಚೇರಿಯಲ್ಲಿ ಅಳವಡಿಕೆ ತಪ್ಪಿದರೂ ಅಲ್ಲಿ ಅರ್ಜಿದಾರರ ಊರು ಹಳೆಯ ತಾಲ್ಲೂಕಿನಲ್ಲಿಯೂ ಉಳಿದೆಡೆ ಹೊಸ ತಾಲ್ಲೂಕಿನಲ್ಲಿಯೂ ಇರುತ್ತದೆ. ಅರ್ಜಿ ತಿರಸ್ಕೃತವಾಗಲು ಇಷ್ಟು ಸಾಕು. 2000ದ ದಶಕದ ಆರಂಭದಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ರೂಪಿಸಿದ 'ಭೂಮಿ' ತಂತ್ರಾಂಶದ ಮೂಲಕ ಪಹಣಿ ವಿತರಣೆ ಆರಂಭವಾದಾಗ ಪ್ರತಿ ತಾಲ್ಲೂಕು ಕಚೇರಿಯಲ್ಲಿಯೂ ಪ್ರತ್ಯೇಕ ಸರ್ವರ್ ಇದ್ದಿತು. ನೂರಾರು ಕಡೆ ಒಂದೇ ಆವೃತ್ತಿ ನಡೆಯುವಂತೆ ನೋಡಿಕೊಳ್ಳುವುದು ಎಷ್ಟು ಶ್ರಮದ ಕೆಲಸವೆಂಬುದನ್ನು ಇದರಿಂದ ಊಹಿಸಬಹುದು.

ಆದ್ದರಿಂದ ಬದಲಾಗುವ ವಿವರಗಳನ್ನು ಮೂಲ ಬರಹದಿಂದ ಹೊರಗಿಡುವುದು ಮೊದಲ ನಿಯಮ. ತಾಲ್ಲೂಕಿನ ಪಟ್ಟಿ, ಸರ್ವರ್‌ನ ವಿಳಾಸ, ಮುದ್ರಣಕ್ಕೆ ಬಳಸುವ ಅಕ್ಷರಶೈಲಿ ಇವೆಲ್ಲವೂ ಪ್ರತ್ಯೇಕ ಸಂರಚನಾ ಕಡತದಲ್ಲಿರಬೇಕು. ಆ ಕಡತದ ಪ್ರತಿ ಬದಲಾವಣೆಯನ್ನೂ ಯಾರು, ಯಾವಾಗ, ಏಕೆ ಮಾಡಿದರೆಂಬ ದಾಖಲೆಯೊಂದಿಗೆ ಉಳಿಸಬೇಕು. ಗುಪ್ತಪದಗಳನ್ನು ಮಾತ್ರ ಆ ಕಡತದಲ್ಲಿಯೂ ಬರೆಯಕೂಡದು. ಅದನ್ನು ನೋಡಬಲ್ಲ ಪ್ರತಿಯೊಬ್ಬರಿಗೂ ನಾಗರಿಕರ ದತ್ತಾಂಶವನ್ನು ತೆರೆದಿಟ್ಟಂತಾಗುತ್ತದೆ.

ಕನ್ನಡ ಅಕ್ಷರಗಳಿಂದ ಉಂಟಾಗುವ ವಿಶೇಷ ತೊಡಕು

ವ್ಯವಸ್ಥೆಗಳ ನಡುವಿನ ವ್ಯತ್ಯಾಸಗಳಲ್ಲಿ ಕೆಲವು ಎಲ್ಲ ಭಾಷೆಗಳಿಗೂ ಸಾಮಾನ್ಯವಾದವು. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳನ್ನು ವಿಂಡೋಸ್ ಸಾಮಾನ್ಯವಾಗಿ ಒಂದೆಂದು ಎಣಿಸಿದರೆ ಲಿನಕ್ಸ್ ಬೇರೆಯೆಂದು ಎಣಿಸುತ್ತದೆ. ಸಾಲಿನ ಕೊನೆಯನ್ನು ಗುರುತಿಸುವ ಚಿಹ್ನೆಯೂ ಎರಡರಲ್ಲಿ ಬೇರೆ. ಕನ್ನಡಕ್ಕೆ ಇದರ ಮೇಲೆ ತನ್ನದೇ ಆದ ತೊಡಕುಗಳಿವೆ.

ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ಸಿದ್ಧಪಡಿಸಿದ ಬರಹವನ್ನು ಆ ಅಕ್ಷರಶೈಲಿ ಇಲ್ಲದ ಗಣಕಯಂತ್ರದಲ್ಲಿ ತೆರೆದಾಗ ಕನ್ನಡದ ಬದಲಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡವನ್ನು ಒಳಗೊಂಡಿದ್ದ ಯೂನಿಕೋಡ್ ಸಂಕೇತವನ್ನು ರಾಜ್ಯ ಸರ್ಕಾರವು 2012ರಲ್ಲಿ ಶಿಷ್ಟತೆಯಾಗಿ ಅಂಗೀಕರಿಸಿತು. ಆದರೂ ಕಚೇರಿಗಳಲ್ಲಿ ಹಳೆಯ ಕಡತಗಳು ಉಳಿದಿರುವುದರಿಂದ ಎರಡೂ ಬಗೆಯನ್ನು ಗುರುತಿಸಿ ಪರಿವರ್ತಿಸುವ ವ್ಯವಸ್ಥೆ ಅಗತ್ಯವಾಗುತ್ತದೆ.

ಯೂನಿಕೋಡ್‌ನೊಳಗೂ ಒಂದು ಸೂಕ್ಷ್ಮವಿದೆ. 'ನೇಕಾರ' ಎಂಬ ಪದದ ಏತ್ವವನ್ನು ಒಂದೇ ಚಿಹ್ನೆಯಾಗಿಯೂ ಸಂಗ್ರಹಿಸಬಹುದು. ಎತ್ವ ಮತ್ತು ದೀರ್ಘದ ಗುರುತು ಎಂಬ ಎರಡು ಚಿಹ್ನೆಗಳಾಗಿಯೂ ಸಂಗ್ರಹಿಸಬಹುದು. ಪರದೆಯ ಮೇಲೆ ಎರಡೂ ಒಂದೇ. ಆ್ಯಪಲ್ ಸಂಸ್ಥೆಯು 1998ರಲ್ಲಿ ತಂದ ಕಡತ ವ್ಯವಸ್ಥೆಯು ಹೆಸರುಗಳನ್ನು ಬಿಡಿಸಿದ ರೂಪದಲ್ಲಿ ಉಳಿಸುತ್ತಿತ್ತು. ಲಿನಕ್ಸ್ ಕೊಟ್ಟದ್ದನ್ನು ಕೊಟ್ಟಂತೆಯೇ ಉಳಿಸುತ್ತದೆ. ಹೀಗಾಗಿ 'ನೇಕಾರ' ಎಂಬ ಹೆಸರಿನ ಕಡತವು ಕಣ್ಣಿಗೆ ಕಾಣುತ್ತಿದ್ದರೂ ನಿರ್ಮಾಣದ ವೇಳೆ 'ಕಡತ ದೊರೆಯಲಿಲ್ಲ' ಎಂಬ ಸೂಚನೆ ಬರಬಹುದು. ವ್ಯಕ್ತಿಗಳ ಹೆಸರನ್ನು ಹೋಲಿಸುವಾಗಲೂ ಇದೇ ತೊಡಕು ಸಂಭವಿಸುತ್ತದೆ. ಎರಡು ದಾಖಲೆಗಳಲ್ಲಿ ಹೆಸರು ಅಕ್ಷರಶಃ ಒಂದೇ ಇದ್ದರೂ ಯಂತ್ರವು 'ಹೊಂದಾಣಿಕೆಯಾಗುತ್ತಿಲ್ಲ' ಎನ್ನುತ್ತದೆ. ಇದರಲ್ಲಿ ಅರ್ಜಿದಾರರ ತಪ್ಪೂ ಇಲ್ಲ, ಗಣಕಯಂತ್ರದ ಮುಂದೆ ಕುಳಿತ ಸಿಬ್ಬಂದಿಯ ತಪ್ಪೂ ಇಲ್ಲ. ಹೋಲಿಕೆಗೆ ಮುನ್ನ ಎಲ್ಲ ಹೆಸರುಗಳನ್ನೂ ಒಂದೇ ರೂಪಕ್ಕೆ ತರುವಂತೆ ತಂತ್ರಾಂಶವನ್ನು ಬರೆಯುವುದು ಮತ್ತು ಅದಕ್ಕೆ ಬಳಸುವ ಉಪಕರಣದ ಆವೃತ್ತಿಯನ್ನು ಸಂರಚನೆಯಲ್ಲಿ ನಿಗದಿಪಡಿಸುವುದು ಇದಕ್ಕೆ ಪರಿಹಾರ.

ಪ್ರತಿ ಬದಲಾವಣೆಯ ನಂತರದ ಪರೀಕ್ಷೆ

ಉತ್ತಮ ಪದ್ಧತಿಯಲ್ಲಿ, ಮೂಲ ಬರಹದಲ್ಲಿ ಅಥವಾ ಸಂರಚನೆಯಲ್ಲಿ ಒಂದು ಸಾಲು ಬದಲಾದರೂ ನಿರ್ಮಾಣವು ಮೊದಲಿನಿಂದ, ಬಳಕೆಯಲ್ಲಿರುವ ಪ್ರತಿಯೊಂದು ಬಗೆಯ ವ್ಯವಸ್ಥೆಯಲ್ಲಿಯೂ ಸ್ವಯಂಚಾಲಿತವಾಗಿ ನಡೆಯುತ್ತದೆ. ಜೆಂಕಿನ್ಸ್‌ನಂತಹ ಮುಕ್ತ ತಂತ್ರಾಂಶಗಳು ಈ ಕೆಲಸಕ್ಕೆ ಲಭ್ಯವಿವೆ. ಒಂದರಲ್ಲಿ ವಿಫಲವಾದರೂ ಹೊಸ ಆವೃತ್ತಿಯನ್ನು ಬಿಡುಗಡೆ ಮಾಡುವುದಿಲ್ಲ. 'ನನ್ನ ಯಂತ್ರದಲ್ಲಿ ಸರಿಯಾಗಿಯೇ ನಡೆಯುತ್ತಿದೆ' ಎಂಬ ಉತ್ತರಕ್ಕೆ ಇಲ್ಲಿ ಅವಕಾಶವಿಲ್ಲ. ಹಳೆಯ ವ್ಯವಸ್ಥೆಗಳನ್ನು ಕೈಬಿಡುವ ಕಾಲವನ್ನೂ ಮುಂಚಿತವಾಗಿ ತಿಳಿಸಬೇಕಾಗುತ್ತದೆ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಸಂಸ್ಥೆಯ ಬೆಂಬಲವು 2014ರ ಏಪ್ರಿಲ್ 8ರಂದು ಕೊನೆಗೊಂಡಿದ್ದರೂ ಆ ಬಳಿಕ ಹಲವು ಕಡೆ ಅದು ಬಳಕೆಯಲ್ಲಿಯೇ ಇದ್ದಿತು.

ಅರ್ಜಿದಾರರು ಗಮನಿಸತಕ್ಕ ಅಂಶಗಳು

ಅರ್ಜಿಯಲ್ಲಿ ಬನಹಟ್ಟಿಯು ಜಮಖಂಡಿ ತಾಲ್ಲೂಕಿನ ಪಟ್ಟಿಯಲ್ಲಿ ಕಾಣದಿದ್ದಲ್ಲಿ ರಬಕವಿ-ಬನಹಟ್ಟಿ ತಾಲ್ಲೂಕಿನಲ್ಲಿ ನೋಡುವುದು. 2018ಕ್ಕೆ ಮೊದಲಿನ ದಾಖಲೆಗಳಲ್ಲಿ ಜಮಖಂಡಿ ಎಂದೇ ಇರುವುದು ಸಹಜ; ಅದಕ್ಕಾಗಿ ಹಳೆಯ ಕಾಗದವನ್ನು ತಿದ್ದಕೂಡದು. ಕನ್ನಡದಲ್ಲಿ ಭರ್ತಿ ಮಾಡುವವರು ಯೂನಿಕೋಡ್ ಕೀಲಿಮಣೆಯನ್ನೇ ಬಳಸುವುದು ಹಾಗೂ ಬೇರೆ ಕಡತದಿಂದ ಹೆಸರನ್ನು ನಕಲಿಸಿ ಅಂಟಿಸುವ ಬದಲು ಹೊಸದಾಗಿ ಬೆರಳಚ್ಚು ಮಾಡುವುದು ಸೂಕ್ತ.

ಹೆಸರು ಒಂದೇ ಇದ್ದರೂ ಹೊಂದಾಣಿಕೆಯಾಗುತ್ತಿಲ್ಲವೆಂಬ ಸೂಚನೆ ಬಂದಲ್ಲಿ ಅರ್ಜಿಯನ್ನು ಮತ್ತೆ ಮತ್ತೆ ಸಲ್ಲಿಸದೆ, ಲಿಖಿತವಾಗಿ ದೂರು ನೀಡುವುದು. ದೂರಿನಲ್ಲಿ ಸ್ವೀಕೃತಿಯ ಮೇಲಿನ ಸಂಖ್ಯೆ, ದಿನಾಂಕ ಮತ್ತು ವೇಳೆ, ಅರ್ಜಿಯನ್ನು ಮೊಬೈಲ್‌ನಲ್ಲಿ ಭರ್ತಿ ಮಾಡಲಾಯಿತೇ ಅಥವಾ ಗಣಕಯಂತ್ರದಲ್ಲಿಯೇ, ಪರದೆಯ ಮೇಲೆ ಬಂದ ಸೂಚನೆಯ ಯಥಾವತ್ ಪದಗಳು ಇವಿಷ್ಟನ್ನು ತಪ್ಪದೆ ನಮೂದಿಸತಕ್ಕದ್ದು. ಯಾವ ವ್ಯವಸ್ಥೆಯಲ್ಲಿ ದೋಷ ಉಂಟಾಯಿತೆಂದು ತಿಳಿಯದಿದ್ದಲ್ಲಿ ತಜ್ಞರು ತಮ್ಮ ಯಂತ್ರದಲ್ಲಿ ಅದನ್ನು ಮರಳಿ ಕಾಣಲಾರರು, ಕಾಣದ ದೋಷವನ್ನು ಸರಿಪಡಿಸಲೂ ಆರರು.